ನಿಧಾನಕ್ಕೆ ಹೋಗಪ್ಪ...

"ಇಷ್ಟು ಬೆಳಿಗ್ಗೇನೇ ಎಲ್ಲಿಗೋ ಹೊರಟ ಹಾಗಿದೆ?" ಅಂತ ಶನಿವಾರ ಅಮ್ಮ ಫೋನಲ್ಲಿ ಕೇಳಿದಳು. "ಡ್ರೈವ್ ಹೊಡೆಯೋಕೆ ಹೋಗ್ತಿದ್ದೀನಮ್ಮ" ಅಂದೆ. "ನಿಧಾನಕ್ಕೆ ಹೋಗಪ್ಪ, ಜೋರು ಮಾಡಬೇಡ" ಅಂದಳು. ನಾನು ಹೊರಟಿದ್ದು ಕಾರು ಓಡಿಸೋಕಲ್ಲ, ಗಾಲ್ಫ್ ಚೆಂಡು ಹೊಡೆಯೋಕೆ. ಅದನ್ನ ಬಿಡಿಸಿ ಹೇಳಿದ್ರೆ "ಅದಕ್ಕೆಷ್ಟು ದುಡ್ಡು?" ಅನ್ನೋ ಪ್ರಶ್ನೆ ಬರ್ತಿತ್ತು. "ಹೂಂ" ಅಂತ ಫೋನ್ ಇಟ್ಟೆ.

ನಿಜ ಹೇಳಬೇಕೂಂದ್ರೆ ಗಾಲ್ಫ್ ನನ್ನ ಆಟವೇ ಅಲ್ಲ. ತಿಪಟೂರಿನ ಕಡೆ ತೆಂಗಿನ ತೋಟದ ಪಕ್ಕದ ಬಯಲಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು. ಹೋದ ವರ್ಷ ಆಫೀಸಿಗೆ ಬಂದಿದ್ದ ಕ್ಲೈಂಟ್‌ಗಳನ್ನು ಗಾಲ್ಫ್‌ಗೆ ಕರೆದುಕೊಂಡು ಹೋದಾಗ ಒಬ್ಬ ಕಡಿಮೆ ಬಿದ್ದ ಅಂತ ನನ್ನನ್ನೂ ಸೇರಿಸಿಕೊಂಡರು. ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದಾರೆ. ಸಣ್ಣ ಮೊಳೆಯಂಥ ಟೀ ಮೇಲೆ ಚೆಂಡು ಕೂತಿದೆ. ಬಿಟ್ಟೆ ನೋಡಿ ಒಂದು ಏಟು... ಚೆಂಡು ಕೂತಲ್ಲೇ ಕೂತಿತ್ತು! ಎರಡನೇ ಸಲ ಚೆಂಡಿಗೇನೋ ತಗುಲಿತು, ಆದರೆ ಬಾಳೆಹಣ್ಣಿನ ಆಕಾರದಲ್ಲಿ ಬಲಕ್ಕೆ ತಿರುಗಿ ಮರಗಳ ಹಿಂದೆ ಮಾಯ. "ಕ್ರಿಕೆಟ್ಟಾ?" ಅಂತ ಯಾರೋ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ನಮ್ಮ ಜಾತಿಯವರು (ಸಾಫ್ಟ್‌ವೇರ್ ಜಾತಿ ಸ್ವಾಮಿ!) ಇಂಥ ಹೊತ್ತಲ್ಲಿ ಏನು ಮಾಡ್ತಾರೋ ನಾನೂ ಅದನ್ನೇ ಮಾಡಿದೆ. ಎರಡು ವಾರ ಯೂಟ್ಯೂಬ್ ನೋಡಿದೆ. ಚೆಂಡಿನ ತೂಕ 46 ಗ್ರಾಮ್ ದಾಟುವಂತಿಲ್ಲ, ಡ್ರೈವರ್ ಅನ್ನೋ ಕೋಲಿನ ತಲೆ 460 ಸಿಸಿ ಮೀರುವಂತಿಲ್ಲ, ಚೆಂಡಿಗೂ ಕೋಲಿಗೂ ಆಗುವ ಭೇಟಿ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ... ಎಲ್ಲ ಬಾಯಿಪಾಠ. ಆಮೇಲೆ ಹತ್ತಿರದ ಡ್ರೈವಿಂಗ್ ರೇಂಜ್‌ಗೆ ಹೋಗಿ ಬಕೆಟ್‌ಗಟ್ಟಲೆ ಚೆಂಡು ಹೊಡೆದೆ. ಎಲ್ಲವೂ ಬಲಕ್ಕೇ! ಚೆಂಡು ಬಲಕ್ಕೆ ಹೋಗುತ್ತೆ ಅಂತ ನಾನು ಎಡಕ್ಕೆ ತಿರುಗಿ ನಿಂತೆ. ಅದು ಇನ್ನೂ ಜಾಸ್ತಿ ಬಲಕ್ಕೆ ಹೋಯಿತು. ಇನ್ನೂ ಎಡಕ್ಕೆ ನಿಂತೆ. ಪಕ್ಕದವರು ಜಾಗ ಬದಲಾಯಿಸಿಕೊಂಡರು.

ಅಲ್ಲಿ ಹೇಳಿಕೊಡೋಕೆ ಒಬ್ಬರಿದ್ದಾರೆ. ನಮ್ಮಪ್ಪನ ವಯಸ್ಸು. ಇಪ್ಪತ್ತು ವರ್ಷ ಬೇರೆಯವರ ಗಾಲ್ಫ್ ಚೀಲ ಹೊತ್ತ ಕ್ಯಾಡಿ. ಮೊದಲ ದಿನ ನಾನು ಅವರನ್ನ ಕೇಳಿದ್ದು, "ಕ್ಲಬ್ ಸ್ಪೀಡ್ ಅಳೆಯೋ ಮೆಷಿನ್ ಇಲ್ವಾ ನಿಮ್ಮಲ್ಲಿ?" ಅಂತ. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತೆ. ಅವರು ಬೇಜಾರು ಮಾಡಿಕೊಳ್ಳದೆ, "ಮೆಷಿನ್ ಆಮೇಲೆ ನೋಡೋಣ. ಎಡಗೈ ಬೆರಳಿನ ಗೆಣ್ಣು ಎಷ್ಟು ಕಾಣ್ತಿದೆ ಹೇಳಿ ಸಾರ್" ಅಂದರು. ಬಗ್ಗಿ ನೋಡಿದೆ. ಒಂದು. "ಎರಡು, ಎರಡೂವರೆ ಕಾಣಬೇಕು. ಬ್ಯಾಟ್ ಹಿಡಿದ ಹಾಗೆ ಅಂಗೈಯಲ್ಲಿ ಅಮುಕಬೇಡಿ, ಬೆರಳಲ್ಲಿ ಹಿಡ್ಕೊಳ್ಳಿ."

ಆಮೇಲೆ ಬಲಕ್ಕೆ ತಿರುಗೋ ರೋಗದ ಮೂಲ ಬಿಡಿಸಿ ಹೇಳಿದರು. ಇದಕ್ಕೆ ಸ್ಲೈಸ್ ಅಂತಾರೆ. ಚೆಂಡು ಮೊದಲು ಯಾವ ದಿಕ್ಕಿಗೆ ಹೊರಡುತ್ತೆ ಅನ್ನೋದನ್ನ ಬಹುಪಾಲು ತೀರ್ಮಾನಿಸೋದು ಕೋಲಿನ ಮುಖ. ಆಮೇಲೆ ಗಾಳಿಯಲ್ಲಿ ಎತ್ತ ಬಾಗುತ್ತೆ ಅನ್ನೋದು ಮುಖಕ್ಕೂ ಕೋಲು ಬೀಸಿ ಬಂದ ದಾರಿಗೂ ಇರೋ ವ್ಯತ್ಯಾಸದಿಂದ. ನನ್ನ ಕೋಲು ಹೊರಗಿನಿಂದ ಒಳಕ್ಕೆ ಎಳೆದುಕೊಂಡು ಬರುತ್ತಿತ್ತು, ಮುಖ ಬಲಕ್ಕೆ ತೆರೆದಿರುತ್ತಿತ್ತು. ನಾನು ಎಡಕ್ಕೆ ತಿರುಗಿ ನಿಂತಷ್ಟೂ ಆ ದಾರಿ ಇನ್ನೂ ಓರೆಯಾಗಿ, ವ್ಯತ್ಯಾಸ ಇನ್ನೂ ಹೆಚ್ಚಾಗಿ, ಚೆಂಡು ಇನ್ನೂ ಬಾಗುತ್ತಿತ್ತು. ಅಂದ್ರೆ ನಾನು ಮಾಡುತ್ತಿದ್ದ ರಿಪೇರಿಯೇ ರೋಗವನ್ನ ಬೆಳೆಸುತ್ತಿತ್ತು. ಬಗ್ ಎಲ್ಲಿದೆ ಅಂತ ಹುಡುಕದೆ ಔಟ್‌ಪುಟ್ಟಿಗೆ ತೇಪೆ ಹಾಕಬೇಡ್ರೋ ಅಂತ ಟೀಮಿನ ಹುಡುಗರಿಗೆ ದಿನಾ ಬುದ್ಧಿ ಹೇಳೋನು ನಾನೇ!

"ನೀವು ಚೆಂಡಿಗೆ ಹೊಡೀತಿದ್ದೀರಿ ಸಾರ್. ಅದಕ್ಕೇ ಭುಜ ಮುಂದೆ ನುಗ್ಗುತ್ತೆ. ಬೀಸಿ ಅಷ್ಟೇ, ಚೆಂಡು ದಾರೀಲಿ ಸಿಗುತ್ತೆ. ಬಟ್ಟೆ ಒಗೆಯೋದು ನೋಡಿದ್ದೀರಲ್ಲ?"

ನೋಡದೇ ಇರ್ತೀನಾ? ನಮ್ಮ ಹಿತ್ತಲಲ್ಲಿ ಒಗೆಯೋ ಕಲ್ಲಿದೆ. ಅಮ್ಮ ನೆನೆಸಿದ ದುಪ್ಪಟಿಯನ್ನ ಹಿಂದಕ್ಕೆ ಎತ್ತಿ ಕಲ್ಲಿಗೆ ಬಡಿಯುವಾಗ ಮೊದಲು ತಿರುಗೋದು ಸೊಂಟ. ಹಿಂದೆ ಭುಜ, ಅದರ ಹಿಂದೆ ಕೈ, ಕೊನೆಗೆ ಬಟ್ಟೆ. ಕೈಯಲ್ಲೇ ಬಲ ಹಾಕಿದರೆ ನಾಲ್ಕು ಬಟ್ಟೆಗೆ ರಟ್ಟೆ ಸೋತು ಹೋಗುತ್ತೆ. ಗಾಲ್ಫ್‌ನಲ್ಲೂ ಕೆಳಕ್ಕೆ ಬೀಸುವಾಗ ಇದೇ ಸರದಿ. ನಾನು ಎಲ್ಲವನ್ನೂ ತಲೆಕೆಳಗೆ, ಕೈಯಿಂದ ಶುರು ಮಾಡುತ್ತಿದ್ದೆ.

ಆಮೇಲೆ ಮೂರು ತಿಂಗಳು ಹೋಂವರ್ಕ್. ಚೆಂಡಿನ ಆಚೆ ಬದಿಗೆ, ಸ್ವಲ್ಪ ಹಿಂದೆ, ಕೋಲಿಗೆ ಹಾಕೋ ಟೋಪಿಯನ್ನ ಇಡೋರು. ಹೊರಗಿನಿಂದ ಬೀಸಿದರೆ ಟೋಪಿ ಹಾರುತ್ತೆ. ಮೊದಲ ವಾರ ಚೆಂಡಿಗಿಂತ ಟೋಪಿಯೇ ದೂರ ಹೋಯಿತು :-) ಎರಡು ಪಾದ ಜೋಡಿಸಿ ಅರ್ಧ ಬಲದಲ್ಲಿ ಹೊಡೆಯೋದು ಇನ್ನೊಂದು ಪಾಠ, ಜೋರು ಮಾಡಿದರೆ ಮುಗ್ಗರಿಸ್ತೀವಿ. ಚೆಂಡು ಎಡ ಹಿಮ್ಮಡಿಯ ನೇರಕ್ಕಿರಬೇಕು, ಅರ್ಧ ಚೆಂಡು ಕೋಲಿನ ತಲೆಗಿಂತ ಮೇಲೆ ಕಾಣಬೇಕು. ಆಗ ಕೋಲು ತುಸು ಮೇಲೇರುತ್ತಾ ತಗುಲುತ್ತೆ, ಚೆಂಡಿನ ಹಿಂದಿರುಗು ಸುತ್ತು ಕಡಿಮೆಯಾಗಿ ದೂರ ಹೋಗುತ್ತೆ.

ಒಂದು ದಿನ ಅವರನ್ನ ಕೇಳಿದೆ, "ಇಷ್ಟೆಲ್ಲ ಎಲ್ಲಿ ಕಲಿತ್ರಿ?" ಅಂತ. "ಚೀಲ ಹೊತ್ತು ನಿಂತು ನೋಡಿದ್ದೇ ಸಾರ್. ನಮಗೆ ಆಡೋಕೆ ಬಿಡ್ತಿದ್ದಿದ್ದು ಸೋಮವಾರ ಮಾತ್ರ" ಅಂದರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಮೊದಲು ಕ್ಯಾಡಿಯಾಗಿದ್ದವರೇ. ಹೆಸರು ಬಂದವರು ಒಬ್ಬಿಬ್ಬರು, ಉಳಿದವರು ನನ್ನಂಥವನ ಗೆಣ್ಣು ಎಣಿಸ್ತಾ ನಿಂತಿದ್ದಾರೆ. ಮೆಷಿನ್ ಕೇಳಿದ್ದಕ್ಕೆ ಅವತ್ತು ಕ್ಷಮೆ ಕೇಳಿದೆ. ಅವರಿಗೆ ಅದು ನೆನಪೂ ಇರಲಿಲ್ಲ.

"ಇನ್ನೂ ದೂರ ಹೋಗಬೇಕಲ್ವಾ?" ಅಂತ ನಾನು ಗೊಣಗಿದಾಗ ಅವರು ಅದಿತಿ ಅಶೋಕ್ ಕಥೆ ಹೇಳಿದರು. ನಮ್ಮ ಬೆಂಗಳೂರಿನ ಹುಡುಗಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಅಲ್ಲಿದ್ದವರಲ್ಲಿ ಆಕೆಯ ಡ್ರೈವ್ ತೀರಾ ಗಿಡ್ಡದ್ದು. ಆದರೆ ಚೆಂಡು ನೇರಕ್ಕೆ ಹೋಗಿ ಬೀಳುತ್ತಿತ್ತು, ಹಸಿರಿನ ಮೇಲೆ ಪಟ್ ಮಾಡೋದರಲ್ಲಿ ಆಕೆಯದು ಎತ್ತಿದ ಕೈ.

ಈ ವರ್ಷ ಮತ್ತೆ ಕ್ಲೈಂಟ್‌ಗಳು ಬಂದರು, ಮತ್ತೆ ಅದೇ ಟೀ. ಎದೆ ಡವಡವ. ದುಪ್ಪಟಿ ನೆನೆಸಿಕೊಂಡು ಬೀಸಿದೆ. ಚೆಂಡು ನೂರಾ ಎಂಬತ್ತು ಗಜದಷ್ಟು ಹೋಗಿ ಹುಲ್ಲಿನ ನಡುಮಧ್ಯೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲೂ ಇಲ್ಲ. ಮಾತಾಡ್ತಾ ಮುಂದಕ್ಕೆ ನಡೆದರು. ನನಗೆ ಬೇಕಾಗಿದ್ದೂ ಅಷ್ಟೇ ಇರಬೇಕು. ಮೂರನೇ ಟೀಯಲ್ಲಿ ತೋರಿಸಿಯೇ ಬಿಡೋಣ ಅಂತ ಬಲ ಹಾಕಿದೆ ನೋಡಿ... ಮತ್ತೆ ಬಾಳೆಹಣ್ಣು!

ಮೊನ್ನೆ ಊರಿಗೆ ಹೋದಾಗ ಅಮ್ಮ ಹಿತ್ತಲಲ್ಲಿ ಒಗೀತಿದ್ದಳು. ಮನೆಯಲ್ಲಿ ವಾಷಿಂಗ್ ಮೆಷಿನ್ ಇದ್ದರೂ ದುಪ್ಪಟಿ ಮಾತ್ರ ಕಲ್ಲಿಗೇ. ಕಟ್ಟೆ ಮೇಲೆ ಕೂತು ಎಲ್ಲ ಹೇಳಿದೆ: ಡ್ರೈವ್ ಅಂದ್ರೆ ಕಾರಲ್ಲ, ನೀನು ಮಾಡೋ ಇದನ್ನೇ ನಾನು ಮೂರು ತಿಂಗಳು ಕಲಿತೆ, ನೀನು ಫೋನಲ್ಲಿ ಹೇಳಿದ್ದೇ ಸರಿ, ಜೋರು ಮಾಡಬಾರದು ಅಂತ. ಅಮ್ಮ ದುಪ್ಪಟಿ ಹಿಂಡುತ್ತಾ ಪೂರ್ತಿ ಕೇಳಿಸಿಕೊಂಡು, "ಇದನ್ನ ಕಲಿಸೋಕೆ ಅವರು ಗಂಟೆಗೆಷ್ಟು ತಗೋತಾರೆ?" ಅಂದಳು.

ಅರ್ಧದಷ್ಟು ಹೇಳಿದೆ. ಅದಕ್ಕೇ ಬೈದಳು.