ದೋಣಿಗೆ ಮೆರುಗು

ರಿಚರ್ಡ್ಸ್ ಟೌನಿನಲ್ಲಿ ದೋಣಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಮನೆಗೆ ಬಂದವರೆಲ್ಲರೂ ಅದನ್ನೇ ಕೇಳುತ್ತಿದ್ದರು. ಇಲ್ಲಿ ಪಾರ್ಕಿದೆ, ಹಳೆಯ ಬಂಗಲೆಗಳಿವೆ, ನೆರಳು ಕೊಡುವ ಮರಗಳಿವೆ. ತೇಲುವುದಕ್ಕೆ ನೀರು ಮಾತ್ರ ಇಲ್ಲ. ಆದರೂ ನಮ್ಮ ಹಿತ್ತಿಲ ಮಾವಿನಮರದ ಕೆಳಗೆ ಒಂಬತ್ತು ವರ್ಷಕಾಲ ಒಂದು ಪುಟ್ಟ ಹಾಯಿದೋಣಿ ಬಿದ್ದುಕೊಂಡಿದ್ದಿತು. ಅದು ನಮ್ಮ ಮಗನದು. ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ದಳದವರು ಹಾಯಿ ಬಿಚ್ಚಿ ತೇಲುವುದನ್ನು ನೋಡಿ ನೋಡಿ ಅವನಿಗೆ ಆ ಹುಚ್ಚು ಹಿಡಿದಿತ್ತು. ನಮ್ಮ ಸೈನ್ಯದ ಇಂಜಿನಿಯರುಗಳು 1985ರಿಂದ 1987ರೊಳಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಂಡಲವನ್ನೇ ಸುತ್ತಿಬಂದ ಕಥೆಯನ್ನು ಊಟದ ಹೊತ್ತಿನಲ್ಲಿ ಅವನು ಎಷ್ಟು ಸಲ ಹೇಳಿದ್ದನೋ! ಈಗ ಅವನು ಪರದೇಶದಲ್ಲಿ ಉದ್ಯೋಗಿ.

ಈ ಬಗೆಯ ದೋಣಿಗೆ ‘ಆಪ್ಟಿಮಿಸ್ಟ್’ ಎಂದು ಹೆಸರು. 1947ರಲ್ಲಿ ಅಮೆರಿಕೆಯ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಮಕ್ಕಳಿಗೆಂದು ಇದನ್ನು ಪ್ಲೈವುಡ್ಡಿನಲ್ಲಿ ರೂಪಿಸಿದರು. ಈಗ ಹೆಚ್ಚಾಗಿ ಫೈಬರ್‌ಗ್ಲಾಸಿನಲ್ಲಿ ಮಾಡುತ್ತಾರೆ. ಉದ್ದ ಸುಮಾರು 2.3 ಮೀಟರು, ತೂಕ 35 ಕಿಲೋಗ್ರಾಮು. ಒಂದು ಮಗು ಒಂಟಿಯಾಗಿ ಕುಳಿತು ನಡೆಸುವಂಥದು.

ಕಳೆದ ಪುಷ್ಯಮಾಸದಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಹತ್ತು ವರ್ಷದ ಮಗಳಿಗಾಗಿ ಅದನ್ನು ಕೊಳ್ಳುವುದಾಗಿ ಹೇಳಿದರು. ಸ್ವಲ್ಪ ಮೆರುಗು ಕೊಟ್ಟರೆ ಒಳ್ಳೆಯ ಬೆಲೆ ಬಂದೀತೆಂಬ ಆಸೆ ನನಗೆ ಹುಟ್ಟಿತು.

ಇಂಥ ದೋಣಿಯ ಮೈಮೇಲಿರುವುದು ಬಣ್ಣವಲ್ಲ, ಜೆಲ್‌ಕೋಟ್ ಎಂಬ ಲೇಪ. ನಾವು ಮನೆ ಕಟ್ಟಿದ ಮೇಲೆ ಸುಣ್ಣ ಹೊಡೆಯುತ್ತೇವೆ. ಇಲ್ಲಿಯ ಕ್ರಮ ತಿರುಗುಮುರುಗು. ಅಚ್ಚಿನೊಳಗೆ ಮೊದಲು ಬಣ್ಣ ಬೆರೆಸಿದ ರೆಸಿನ್ನಿನ ಲೇಪವನ್ನು ಬಳಿದು, ಅದರ ಬೆನ್ನಿಗೆ ಗಾಜಿನ ನಾರಿನ ಚಾಪೆಗಳನ್ನು ರೆಸಿನ್ನಿನಲ್ಲಿ ತೋಯಿಸಿ ಒತ್ತುತ್ತಾರೆ. ಎಲ್ಲವೂ ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಮೊದಲ ಲೇಪವೇ ಹೊರಮೈ. ಅದರ ದಪ್ಪ ಸುಮಾರಾಗಿ ಅರ್ಧ ಮಿಲಿಮೀಟರು. ಬಿಸಿಲಿನಿಂದ ಅದು ಮಂಕಾಗಿ, ಮುಟ್ಟಿದರೆ ಸೀಮೆಸುಣ್ಣದಂತೆ ಬೆರಳಿಗೆ ಹತ್ತುತ್ತದೆ.

ಸಾಬೂನು ನೀರಿನಲ್ಲಿ ತೊಳೆದು, ಅಸಿಟೋನಿನಿಂದ ಹಳೆಯ ಮೇಣವನ್ನು ಒರೆಸಿದೆನು. ಮೇಣ ಉಳಿದರೆ ಉಜ್ಜುವಾಗ ಅದು ಗೀರುಗಳೊಳಕ್ಕೆ ಸೇರಿಕೊಳ್ಳುತ್ತದೆ. ಬಳಿಕ ಶಿವಾಜಿನಗರದಿಂದ ತಂದ ವಾಟರ್ ಪೇಪರನ್ನು ನೀರಿನಲ್ಲಿ ನೆನಸಿ, ಮೊದಲು 600, ಆಮೇಲೆ 1000, ಕೊನೆಗೆ 1500ರ ನಯದಲ್ಲಿ ಉಜ್ಜಿದೆನು. ಬೆಳ್ಳಿಯ ಪಾತ್ರೆಯನ್ನು ಬೆಳಗಿದವರಿಗೆ ಇದೇನು ಕಷ್ಟವೆಂದುಕೊಂಡಿದ್ದೆನು. ಆದರೆ ಒಂದು ಅಂಚಿನಲ್ಲಿ ಕೈ ಭಾರವಾಗಿ, ಬಿಳುಪು ಸವೆದು ಗಾಜಿನ ನಾರು ಇಣುಕಿತು. ಇರುವುದೇ ಅರ್ಧ ಮಿಲಿಮೀಟರು. ಪ್ರತಿಯೊಂದು ಹೊಳಪೂ ಆ ಗಂಟಿನಿಂದಲೇ ಖರ್ಚಾಗಬೇಕು. ಆ ಮೇಲೆ ಕೈ ಬಿಗಿಹಿಡಿದು, ರಬ್ಬಿಂಗ್ ಕಾಂಪೌಂಡು ತಿಕ್ಕಿ, ಮೇಣ ಹಚ್ಚಿದೆನು. ಮೂರನೆಯ ದಿನ ನಮ್ಮಾಕೆ ದೋಣಿಯ ಮೈಯಲ್ಲಿ ತನ್ನ ಬಳೆಗಳ ನೆರಳನ್ನು ಕಂಡು ನಕ್ಕಳು.

ಉಳಿದುದು ತಳದಲ್ಲಿ ನಕ್ಷತ್ರದಂತೆ ಹರಡಿದ್ದ ಬಿರುಕೊಂದೇ. ಬಿರುಕಿನ ಮೇಲೆ ಹಾಗೆಯೇ ಲೇಪ ಬಳಿದರೆ ಅದು ಮರಳಿ ಕಾಣಿಸಿಕೊಳ್ಳುತ್ತದೆ. ಅದನ್ನು ಕೆರೆದು ಅಗಲಮಾಡಿ ತುಂಬಬೇಕು. ಕೆರೆದಾಗ ಒಳಗಿನಿಂದ ತೇವ ಒಸರಿ, ಹುಳಿಯಾದ ವಾಸನೆ ಬಂದಿತು. ಒಂದು ರೂಪಾಯಿ ನಾಣ್ಯದಿಂದ ಸುತ್ತಲೂ ತಟ್ಟಿದೆನು. ಬೇರೆಡೆಯಲ್ಲೆಲ್ಲ ಟಣ್ ಎಂದ ದೋಣಿ, ಅಂಗೈಯಗಲದ ಆ ಭಾಗದಲ್ಲಿ ದಬ್ ಎಂದಿತು. ನಾರಿನ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿದ್ದುವು. ಒಂಬತ್ತು ಮಳೆಗಾಲದ ನೀರು ಒಳಗೆ ನಿಂತಿದ್ದಿತು; ದೋಣಿಯನ್ನು ಮಗುಚಿಹಾಕುವ ಬುದ್ಧಿ ನನಗೆ ಬಂದಿರಲಿಲ್ಲ.

ಕೊಳ್ಳುವವರು ಮರುದಿನ ಬರುವುದೆಂದು ಗೊತ್ತಾಗಿದ್ದಿತು. ಸತ್ಯವನ್ನೇ ಹೇಳುತ್ತೇನೆ: ಆ ಗಾಯದ ಮೇಲೆ ಲೇಪ ಬಳಿದು ಹೊಳಪಿಸಿಬಿಡೋಣವೆಂದು ಮನಸ್ಸು ಹೇಳಿತು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನಮ್ಮಾಕೆಗೆ ಹಾಗೆಯೇ ಹೇಳಿದೆನು. ಅವಳು ಸಾರು ಬಡಿಸುತ್ತ, “ಅದರಲ್ಲಿ ಕೂತುಕೊಳ್ಳುವುದು ಮಗುವಲ್ಲವೇ? ನೀವೇ ಯೋಚಿಸಿ” ಎಂದಳು. ಅಷ್ಟೇ. ಬೆಳಿಗ್ಗೆ ಆ ಗೃಹಸ್ಥರನ್ನು ಕರೆದು ನಾಣ್ಯವನ್ನು ಅವರ ಕೈಗೇ ಕೊಟ್ಟೆನು. ತಟ್ಟಿನೋಡಿ ಅವರು, “ರಿಪೇರಿಯಾಗಲಿ, ಕಾಯುತ್ತೇವೆ ಸ್ವಾಮಿ” ಎಂದರು.

ಕಾಯುವುದೇ ಆ ಕೆಲಸದ ಮುಖ್ಯಭಾಗವಾಯಿತು. ಕೆಟ್ಟ ನಾರನ್ನು ಉಜ್ಜಿ ತೆಗೆದು, ಅಂಚನ್ನು ಇಳಿಜಾರುಮಾಡಿ, ಹುಳಿರಸ ಹೋಗುವಂತೆ ಸಿಹಿನೀರಿನಿಂದ ಮೇಲಿಂದ ಮೇಲೆ ತೊಳೆದೆನು. ಆ ದೂಳು ಶ್ವಾಸಕೋಶಕ್ಕೆ ಹಗೆ. ಮುಖಕ್ಕೆ ಮುಸುಕು, ಕಣ್ಣಿಗೆ ಕನ್ನಡಕ, ಕೈಗೆ ಕೈಚೀಲ ಬೇಕೇ ಬೇಕು. ಬಳಿಕ ಮಾಘ ಫಾಲ್ಗುಣಗಳ ಒಣಗಾಳಿಗೆ ಬಿಟ್ಟೆನು. ತೇವವನ್ನು ಪರೀಕ್ಷಿಸಲು ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ ಬಿಸಿಲಿಗಿಟ್ಟರೆ, ಒಳಗೆ ನೀರಿದ್ದಲ್ಲಿ ಹಾಳೆಯ ಕೆಳಗೆ ಹನಿಗೂಡುತ್ತದೆ. ಎರಡು ಸಲ ಹನಿ ಕಂಡಿತು. ಆರು ವಾರದ ಮೇಲೆ ಹಾಳೆ ಒಣಗಿಯೇ ಉಳಿಯಿತು. ಆಗ ಗಾಜಿನ ಚಾಪೆಯ ತುಂಡುಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಕತ್ತರಿಸಿ, ರೆಸಿನ್ನಿನಲ್ಲಿ ಕೂರಿಸಿದೆನು. ಮೇಲಿನ ಜೆಲ್‌ಕೋಟಿಗೆ ನೂರಕ್ಕೆ ಎರಡು ಪಾಲು ಹಾರ್ಡನರನ್ನು ತೂಗಿ ಬೆರೆಸಿದೆನು. ಗಾಳಿ ತಗಲಿದರೆ ಅದರ ಮೇಲ್ಮೈ ಅಂಟಂಟಾಗಿಯೇ ಉಳಿಯುವುದರಿಂದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಟ್ಟೆನು.

ಆದರೆ ಬಿಳುಪಿನಲ್ಲೂ ಎಷ್ಟೊಂದು ಬಗೆ! ಹಳೆಯ ಮೈ ಕೆನೆಯ ಬಣ್ಣ, ಹೊಸ ತೇಪೆ ಹಾಲಿನ ಬಣ್ಣ. ಎಷ್ಟು ಉಜ್ಜಿದರೂ ಅದು ಎದ್ದು ಕಾಣುತ್ತಿದ್ದಿತು. ನಮ್ಮಾಕೆ, “ಇರಲಿ ಬಿಡಿ, ದೃಷ್ಟಿಬೊಟ್ಟು” ಎಂದಳು.

ಇದನ್ನೆಲ್ಲ ಮಗನಿಗೆ ಬರೆದೆನು. ಅವನ ಉತ್ತರ ಚಿಕ್ಕದಾಗಿದ್ದಿತು: “ಅಪ್ಪಾ, ಆ ಬಿರುಕು ನನಗೆ ಗೊತ್ತಿತ್ತು. ದಡದ ಕಲ್ಲಿಗೆ ಹೊಡೆಸಿದವನು ನಾನೇ. ನೀವು ಬೈಯುವಿರೆಂದು ಮೇಣ ತಿಕ್ಕಿ ಮುಚ್ಚಿಟ್ಟಿದ್ದೆ.”

ಆ ಕಾಗದವನ್ನು ಎರಡು ಸಲ ಓದಿದೆನು. ಒಂದು ದಿನ ನಾನು ಮಾಡಲು ಹೊರಟಿದ್ದುದನ್ನೇ ಅವನು ಬಾಲ್ಯದಲ್ಲಿ ಮಾಡಿದ್ದನು. ಅವನಿಗೆ ನನ್ನ ಭಯ, ನನಗೆ ಹಣದಾಸೆ. ಯಾರದು ದೊಡ್ಡ ತಪ್ಪೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಕ್ಕಳು ಬಿರುಕನ್ನು ತಂದು ತೋರಿಸುವಂಥ ಮನೆಯಾಗಿದ್ದರೆ, ಅದು ಅಂದೇ ಒಂದು ಗಂಟೆಯ ಕೆಲಸದಲ್ಲಿ ಮುಗಿಯುತ್ತಿತ್ತು.

ಚೈತ್ರದಲ್ಲಿ ಆ ಹುಡುಗಿ ದೋಣಿಯನ್ನು ಒಯ್ದಳು. ಹೊರಡುವ ಮುನ್ನ ತೇಪೆಯ ಮೇಲೆ ಬೆರಳಿಟ್ಟು, “ಇದೇನು ತಾತ?” ಎಂದಳು. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆನು. ದೋಣಿಗೆ ಏನಾದರೂ ತಗಲಿದರೆ ಅಂದೇ ನನಗೆ ತಂದು ತೋರಿಸಬೇಕೆಂದೂ, ನಾನು ಬೈಯುವುದಿಲ್ಲವೆಂದೂ ಹೇಳಿದೆನು.