ಡೆಲ್ಫ್ಟಿನ ಕಾಲುವೆಯ ದಂಡೆಯಲ್ಲಿ

ಹಾಲೆಂಡ್ ದೇಶದಲ್ಲಿ ಜನರಿಗಿಂತ ಬೈಸಿಕಲ್ಲುಗಳೇ ಹೆಚ್ಚೆಂದು ಕೇಳಿದ್ದೆವು. ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲವೆಂಬುದು ಡೆಲ್ಫ್ಟ್ ಪಟ್ಟಣದಲ್ಲಿ ಇಳಿದ ದಿನವೇ ಮನವರಿಕೆಯಾಯಿತು. ನಮ್ಮ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಅಲ್ಲಿ ನೆಲಸಿರುವರು. ಕಳೆದ ವೈಶಾಖದಲ್ಲಿ ನಾವೂ ನಮ್ಮ ಮನೆಯವರೂ ಒಂದು ತಿಂಗಳು ಅವರಲ್ಲಿದ್ದೆವು.

ಊರು ಚಿಕ್ಕದು, ಹಳೆಯ ಪೇಟೆಯ ತುಂಬ ಕಾಲುವೆಗಳು, ಅವುಗಳ ಮೇಲೆ ಬೆನ್ನುಬಾಗಿದ ಸಣ್ಣ ಸೇತುವೆಗಳು. ಔಡೆ ಡೆಲ್ಫ್ಟ್ ಎಂಬ ಕಾಲುವೆಯ ಬದಿಯಲ್ಲಿ ಹಳೆಯ ಇಗರ್ಜಿಯೊಂದಿದೆ. ಚಿತ್ರಕಾರನಾದ ವರ್ಮೀರನನ್ನು 1675ರಲ್ಲಿ ಸಮಾಧಿ ಮಾಡಿದುದು ಅಲ್ಲಿಯೇ. ಸುಮಾರು 75 ಮೀಟರು ಎತ್ತರದ ಅದರ ಗೋಪುರವು ನೆಟ್ಟಗಿಲ್ಲ. ತುದಿಯು ಸುಮಾರು ಎರಡು ಮೀಟರಿನಷ್ಟು ವಾಲಿದೆ. ಶತಮಾನಗಳಿಂದ ಹಾಗೆಯೇ ನಿಂತಿರುವ ಆ ಗೋಪುರಕ್ಕೆ ನಾವು ಅಷ್ಟಾಗಿ ಅಂಜಲಿಲ್ಲ. ಅದರ ಬುಡದಲ್ಲಿ ಕಂಡ ನೋಟ ಮಾತ್ರ ಎದೆ ಝಲ್ಲೆನ್ನಿಸಿತು. ಹುಡುಗಿಯೊಬ್ಬಳು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬೈಸಿಕಲ್ಲು ತುಳಿಯುತ್ತ ಬಂದಳು. ಅವಳ ಹಿಂದೆಯೇ ಒಬ್ಬ ತರುಣ, ಎರಡು ಕೈಗಳಿಂದಲೂ ರೊಟ್ಟಿ ಹಿಡಿದು ತಿನ್ನುತ್ತ! ದಂಡೆಗೆ ಬೇಲಿಯಿಲ್ಲ, ಒಂದು ಮಾರು ಆಚೆಗೆ ನೀರು. ನಮ್ಮ ಮನೆಯವರು "ಅಯ್ಯಯ್ಯೋ" ಎಂದು ಕೂಗಿಯೇ ಬಿಟ್ಟರು. ನಾವು ಮಾತಾಡಲಿಲ್ಲ.

ಅದಕ್ಕೆ ಕಾರಣವಿತ್ತು. 1967ರ ಬೇಸಗೆಯ ರಜ. ನಮ್ಮೂರು ಮಂಡ್ಯದ ಕಡೆಯದು. ವಿಶ್ವೇಶ್ವರಯ್ಯ ನಾಲೆಯ ಏರಿಯೇ ನಮ್ಮ ಆಟದ ಬಯಲು. ನಮಗೆ ಆಗ ಹದಿಮೂರು ವರ್ಷ, ತಮ್ಮನಿಗೆ ಒಂಬತ್ತು. ಗಂಟೆಯ ಬಾಡಿಗೆಗೆ ಸೈಕಲ್ಲು ತಂದೆವು. ಅದರ ಹ್ಯಾಂಡಲ್ಲು ಬಹಳ ಬಿಗಿ. ತಿರುಗಿಸಬೇಕಾದರೆ ರಟ್ಟೆಯ ಬಲವೆಲ್ಲ ಬೇಕಾಗುತ್ತಿತ್ತು. ಇದನ್ನು ಕಂಡು ನಮಗೊಂದು ಬುದ್ಧಿ ಹೊಳೆಯಿತು. ಹ್ಯಾಂಡಲ್ಲು ಅಲುಗದಿದ್ದರೆ ಸೈಕಲ್ಲು ನೆಟ್ಟಗೆ ಹೋಗಲೇಬೇಕಷ್ಟೆ? ಹಾಗಿರುವಾಗ ಕೈ ಬಿಟ್ಟರೆ ಅಪಾಯವೇನು? ತಮ್ಮನನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿ, ವೇಗ ಬಂದೊಡನೆ ಕೈಬಿಟ್ಟೆವು. ಇಪ್ಪತ್ತು ಮಾರು ಹೋಗಿರಲಿಲ್ಲ, ಸೈಕಲ್ಲು ಮೆಲ್ಲನೆ ಎಡಕ್ಕೆ ವಾಲಿತು. ಮುಂದಿನ ಚಕ್ರ ಮಾತ್ರ ನೆಟ್ಟಗೆಯೇ ಇತ್ತು. ಇಬ್ಬರೂ ಏರಿಯಿಂದ ಕೆಳಕ್ಕೆ ಉರುಳಿದೆವು. ನಮಗೆ ತರಚುಗಾಯ, ತಮ್ಮನ ಎಡ ಮೊಣಕೈ ಮುರಿಯಿತು. ಮೂಳೆ ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಆ ತೋಳು ಇಂದಿಗೂ ಪೂರ್ತಿ ಚಾಚುವುದಿಲ್ಲ. ಅಂದು ತಂದೆಯವರು ಗದರಿಸಿ ಕೇಳಿದಾಗ, ನಾವು ಬಾಯಿ ತೆರೆಯುವ ಮೊದಲೇ ಅವನು ಅಳುತ್ತಳುತ್ತಲೇ "ನಾಯಿ ಅಡ್ಡ ಬಂತಪ್ಪ" ಎಂದುಬಿಟ್ಟ. ನಾವು ಹೌದೆಂದೆವು.

ಇಂಥ ನಮಗೆ, ಹನ್ನೆರಡು ವರ್ಷದ ಮೊಮ್ಮಗಳೂ ಶಾಲೆಯ ದಾರಿಯಲ್ಲಿ ಕೈಬಿಟ್ಟು ಸವಾರಿ ಮಾಡುವಳೆಂದು ತಿಳಿದಾಗ ಹೇಗಾಗಿರಬೇಕು! ಕೂಡಲೆ ನಿಲ್ಲಿಸಬೇಕೆಂದು ಮಗಳ ಮೇಲೆ ರೇಗಿದೆವು. ಹುಡುಗಿ ನಕ್ಕು, "ತಾತ, ಸೈಕಲ್ಲನ್ನು ಬೀಳದ ಹಾಗೆ ಹಿಡಿದಿರೋದು ಕೈ ಅಲ್ಲ, ಬನ್ನಿ ತೋರಿಸ್ತೀನಿ" ಎಂದು ಅಂಗಳಕ್ಕೆ ಕರೆದೊಯ್ದಳು. ಹ್ಯಾಂಡಲ್ಲನ್ನು ಮುಟ್ಟದೆ ಸೀಟನ್ನು ಮಾತ್ರ ಹಿಡಿದು ಬೈಸಿಕಲ್ಲನ್ನು ನೂಕಿದಳು. ಸ್ವಲ್ಪ ಎಡಕ್ಕೆ ವಾಲಿಸಿದಳು. ಮುಂದಿನ ಚಕ್ರ ತಾನಾಗಿಯೇ ಎಡಕ್ಕೆ ಹೊರಳಿತು. ಬಲಕ್ಕೆ ವಾಲಿಸಿದರೆ ಬಲಕ್ಕೆ. ವಾಚಕರು ಮನೆಯಲ್ಲಿರುವ ಬೈಸಿಕಲ್ಲಿನಲ್ಲಿ ಇದನ್ನು ಈಗಲೇ ನೋಡಬಹುದು.

ಇದರ ಮರ್ಮವನ್ನು ಅಳಿಯನು ಪೊರಕೆಯೊಂದರಿಂದ ವಿವರಿಸಿದನು. ಪೊರಕೆಯನ್ನು ಅಂಗೈಮೇಲೆ ನೆಟ್ಟಗೆ ನಿಲ್ಲಿಸುವವರು ಅದು ಬೀಳುವ ದಿಕ್ಕಿಗೇ ಕೈಯನ್ನು ಸರಿಸುವರಲ್ಲವೆ? ಬೈಸಿಕಲ್ಲೂ ಹಾಗೆಯೇ. ಎಡಕ್ಕೆ ವಾಲಿದೊಡನೆ ಚಕ್ರವು ಎಡಕ್ಕೆ ತಿರುಗಿದರೆ ಗಾಲಿಗಳು ಭಾರದ ಅಡಿಗೆ ಸರಿದು ಅದನ್ನು ಎತ್ತಿ ನಿಲ್ಲಿಸುವುವು. ಕೈ ಹಿಡಿದಾಗಲೂ ನಾವು ಮಾಡುವುದು ಇದನ್ನೇ, ಅರಿಯದೆಯೇ. ಕೈಬಿಟ್ಟಾಗ ಸವಾರನು ಸೊಂಟವನ್ನು ಕೊಂಚ ಓರೆಮಾಡಿ ವಾಲಿಸುವನು. ಉಳಿದುದನ್ನು ಚಕ್ರವೇ ನೋಡಿಕೊಳ್ಳುವುದು.

ಚಕ್ರವು ಹಾಗೇಕೆ ತಿರುಗುವುದೆಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ. ತಿರುಗುವ ಬುಗುರಿಯು ಬೀಳದಂತೆ ಗಾಲಿಯ ತಿರುಗುವಿಕೆಯಿಂದಲೇ ಬೈಸಿಕಲ್ಲು ನಿಲ್ಲುವುದೆಂದು ಬಹುಮಂದಿ ನಂಬಿದ್ದರು. 1970ರಲ್ಲಿ ಇಂಗ್ಲೆಂಡಿನ ಡೇವಿಡ್ ಜೋನ್ಸ್ ಎಂಬ ರಸಾಯನಶಾಸ್ತ್ರಜ್ಞರು, ಹಿಮ್ಮುಖವಾಗಿ ತಿರುಗುವ ಇನ್ನೊಂದು ಗಾಲಿಯನ್ನು ಮುಂದಿನ ಚಕ್ರದ ಪಕ್ಕದಲ್ಲಿ ಜೋಡಿಸಿ ಆ ಗುಣವನ್ನು ಅಳಿಸಿ ನೋಡಿದರು. ಆದರೂ ಅದರ ಮೇಲೆ ಸವಾರಿ ಮಾಡಲು ಸಾಧ್ಯವಾಯಿತು. ಹ್ಯಾಂಡಲ್ಲಿನ ಓರೆಯಾದ ದಂಡದ ಗೆರೆಯನ್ನು ನೆಲದವರೆಗೆ ಎಳೆದರೆ, ಅದು ಚಕ್ರವು ನೆಲವನ್ನು ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುವುದು. ಗುಟ್ಟೆಲ್ಲ ಇದರಲ್ಲಿಯೇ ಇದೆಯೆಂದು ಹೇಳುವವರಾದರು. 1842ರಲ್ಲಿ ಸ್ಥಾಪಿತವಾದ ಡೆಲ್ಫ್ಟಿನ ತಾಂತ್ರಿಕ ವಿಶ್ವವಿದ್ಯಾನಿಲಯದವರೂ ಅಮೆರಿಕದ ಕಾರ್ನೆಲ್‌ನವರೂ ಕೂಡಿ, ಈ ಎರಡು ಗುಣಗಳೂ ಇಲ್ಲದ ವಿಚಿತ್ರ ಬೈಸಿಕಲ್ಲೊಂದನ್ನು ಮಾಡಿ 2011ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಸವಾರನಿಲ್ಲದೆ ನೂಕಿಬಿಟ್ಟರೂ ಅದು ಬೀಳದೆ ಓಡಿತು! ತೂಕವನ್ನು ಹಂಚುವ ಜಾಣ್ಮೆಯಿಂದಲೇ ಅದು ಸಾಧ್ಯವಾಯಿತಂತೆ. ಕಾರಣಗಳು ಹಲವಿರಬಹುದು, ಬೀಳುವ ಕಡೆಗೆ ಚಕ್ರವು ತಿರುಗುವ ಸ್ವಾತಂತ್ರ್ಯವಿಲ್ಲದೆ ಮಾತ್ರ ಯಾವ ಬೈಸಿಕಲ್ಲೂ ನಿಲ್ಲಲಾರದು. ಹ್ಯಾಂಡಲ್ಲನ್ನು ಅಲುಗದಂತೆ ಬಿಗಿದುಬಿಟ್ಟರೆ ನುರಿತ ಸವಾರನೂ ಬೀಳುವನು.

ಈ ಕೊನೆಯ ಮಾತನ್ನು ಕೇಳಿ ನಾವು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟೆವು. ಯಾವ ಬಿಗಿಯನ್ನು ನಂಬಿ ಕೈಬಿಟ್ಟೆವೋ ಆ ಬಿಗಿಯೇ ನಮ್ಮನ್ನು ಕೆಡವಿತ್ತು.

ಆದರೆ ನಾವು ಕೈಬಿಡುವವರ ಪಕ್ಷಕ್ಕೆ ಪೂರ್ತಿಯಾಗಿ ಸೇರಿದವರಲ್ಲ. ಆ ದೇಶದ ಬೈಸಿಕಲ್ಲುಗಳು ಅನೇಕ ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವಂಥವು. ಕೈಗಳು ಜೇಬಿನಲ್ಲಿದ್ದರೂ ಕಾಲಿನಲ್ಲಿ ಬ್ರೇಕಿರುವುದು. ನಮ್ಮವುಗಳ ಬ್ರೇಕು ಹ್ಯಾಂಡಲ್ಲಿನಲ್ಲಿಯೇ. ಅವರ ದಾರಿಗಳು ಬೈಸಿಕಲ್ಲಿಗೆಂದೇ ಮಾಡಿದ ನುಣುಪಾದ ದಾರಿಗಳು. ನಮ್ಮಲ್ಲಿ ಹಳ್ಳವೂ ಎಮ್ಮೆಯೂ ಲಾರಿಯೂ ಒಟ್ಟಿಗೆ ಎದುರಾಗುವುವು. ಮೊಮ್ಮಗಳಿಗೆ, ಕಾಲುವೆಯ ದಂಡೆಯಲ್ಲಿ ಮಾತ್ರ ಕೈಬಿಡಕೂಡದೆಂದು ಭಾಷೆ ಮಾಡಿಸಿಕೊಂಡೆವು. ಅದನ್ನು ಅವಳು ಎಷ್ಟು ದಿನ ನಡಸಿದಳೋ ಅವಳ ತಾಯಿಯನ್ನೇ ಕೇಳಬೇಕು.

ಅಂದು ರಾತ್ರಿ ಮಂಡ್ಯಕ್ಕೆ ಟೆಲಿಫೋನು ಮಾಡಿ, ಹ್ಯಾಂಡಲ್ಲು, ಪೊರಕೆ, ವಿಶ್ವವಿದ್ಯಾನಿಲಯ ಎಲ್ಲವನ್ನೂ ತಮ್ಮನಿಗೆ ವಿಸ್ತಾರವಾಗಿ ಹೇಳಿದೆವು. ಸೈಕಲ್ಲು ಬಿಗಿಯಾಗಿದ್ದುದು ನಿಜ, ಆದರೆ ಅದನ್ನು ಅರಿತೇ ನಿನ್ನನ್ನು ಹಿಂದೆ ಕೂರಿಸಿಕೊಂಡು ಕೈಬಿಟ್ಟವರು ನಾವು ಎಂದೆವು. ಇಷ್ಟು ವರ್ಷಗಳಲ್ಲಿ ಆ ಮಾತು ನಮ್ಮ ಬಾಯಿಂದ ಹೊರಟುದು ಅದೇ ಮೊದಲು. ಅವನು ಸುಮ್ಮನೆ ಕೇಳಿಸಿಕೊಂಡನು. ಆಮೇಲೆ, "ಅದೆಲ್ಲ ಇರಲಿ ಅಣ್ಣ. ನಾಯಿ ಅಡ್ಡ ಬಂದಿತ್ತು" ಎಂದನು.