ಆದಾಯದ ಕಲಂ

ನನ್ನ ಎಂ.ಎ. ಪ್ರಬಂಧದ ಆದಾಯದ ಕೋಷ್ಟಕ ಸುಳ್ಳಾಗಿತ್ತು. ಕೋಲ್ಕತ್ತಾದ ಕಾಳಿಘಾಟ್‌ನಲ್ಲಿ, ಕಾಳಿ ಗುಡಿಗೆ ಹೋಗುವ ಬೀದಿಗಳಲ್ಲಿ ದಾಸವಾಳದ ಮಾಲೆ ಮಾರುವ ಹೆಂಗಸರ ಬದುಕು ನನ್ನ ವಿಷಯ. ಅವರ ತಿಂಗಳ ಆದಾಯ ಎಂದು ನಾನು ಕೊಟ್ಟ ಅಂಕಿಗಳಲ್ಲಿ ಬಹುಪಾಲು ಬೀದಿಯಲ್ಲಿ ಸಿಕ್ಕಿದ್ದಲ್ಲ, ಹಾಸ್ಟೆಲ್ ಕೋಣೆಯಲ್ಲಿ ಕೂತು ತುಂಬಿದ್ದು. ಪ್ರಬಂಧ ತಿರಸ್ಕೃತವಾಯಿತು, ಒಂದು ವರ್ಷ ಹೋಯಿತು. ಊರಲ್ಲಿ ಕೇಳಿದವರಿಗೆಲ್ಲ ಆರೋಗ್ಯ ಕೆಟ್ಟಿತ್ತು ಎಂದೇ ಹೇಳಿಕೊಂಡು ಬಂದಿದ್ದೆ. ಸಮಾಜಶಾಸ್ತ್ರ ಓದಿದ ಮಕ್ಕಳು ಈಗ ಎಂ.ಎ. ಮುಗಿಯುತ್ತಲೇ ಸರ್ವೆ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರಿಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೈಸೂರಿನವಳಾದ ನನಗೆ ಕೋಲ್ಕತ್ತಾ ಪರಕೀಯ ಅನ್ನಿಸಿರಲಿಲ್ಲ. 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲರು ಆ ಊರಿಂದಲೇ ಬಂದವರು. ಸಂಶೋಧನೆಯ ಪಟ್ಟುಗಳನ್ನು ಕಲಿಯಬೇಕಾದರೆ ಅದಕ್ಕಿಂತ ಒಳ್ಳೆಯ ಊರು ಎಲ್ಲಿದೆ? 1931ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದು ಅಲ್ಲಿ. ದೊಡ್ಡ ಸರ್ವೆಗೆ ಇಳಿಯುವ ಮೊದಲು ಸಣ್ಣದೊಂದು ಪೈಲಟ್ ಸರ್ವೆ ಮಾಡಿ ಪ್ರಶ್ನೆಗಳನ್ನೇ ಪರೀಕ್ಷಿಸಿಕೊಳ್ಳಬೇಕು ಎಂಬ ಪಾಠ ಬೆಳೆದದ್ದೂ ಅವರ ಬಂಗಾಳದ ಸೆಣಬಿನ ಬೆಳೆಯ ಸರ್ವೆಗಳಲ್ಲಿ. ಪರೀಕ್ಷೆಯಲ್ಲಿ ಇದನ್ನೆಲ್ಲ ಚೆನ್ನಾಗಿಯೇ ಬರೆದಿದ್ದೆ. ಕಾಳಿಘಾಟ್‌ಗೆ ಹೋದಾಗ ಮಾತ್ರ ಪೈಲಟ್ ಸರ್ವೆ ಮಾಡಲಿಲ್ಲ. ಸಮಯ ಕಡಿಮೆ ಇತ್ತು ಅನ್ನುವುದು ನೆಪ. ಲೈಬ್ರರಿಯಲ್ಲಿ ಕೂತು ಮಾಡಿದ ಪ್ರಶ್ನಾವಳಿಯ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಬೀದಿ ಹೇಗಿತ್ತು ಎಂದರೆ, ಎರಡೂ ಕಡೆ ಡಾಲಾ ಅಂಗಡಿಗಳು. ಡಾಲಾ ಎಂದರೆ ಹೂವು, ಪೇಡ, ಊದುಬತ್ತಿ ಇಟ್ಟುಕೊಡುವ ಪೂಜೆಯ ಬುಟ್ಟಿ. ಅಂಗಡಿಗಳ ಸಂದಿಯಲ್ಲಿ, ನೆಲದ ಮೇಲೆ, ಕೆಂಪು ದಾಸವಾಳದ ಮೊಗ್ಗಿನ ರಾಶಿ ಇಟ್ಟುಕೊಂಡು ಕೂತ ಹೆಂಗಸರು. ನಾನು ಮೊದಲು ಮಾತಾಡಿಸಿದ ಮಾಶಿ (ಬಂಗಾಳಿಯಲ್ಲಿ ಚಿಕ್ಕಮ್ಮ) ಒದ್ದೆ ಗೋಣಿಯ ಕೆಳಗಿಂದ ಮೊಗ್ಗನ್ನು ಹಿಡಿಹಿಡಿಯಾಗಿ ತೆಗೆದು, ತೊಟ್ಟಿನ ಹತ್ತಿರ ಸೂಜಿ ಚುಚ್ಚಿ, ತುಟಿಯಲ್ಲೇ ಎಣಿಸುತ್ತಾ ಪೋಣಿಸುತ್ತಿದ್ದಳು. ನೂರೆಂಟು ಆದಾಗ ಗಂಟು. ಅರಳಿದ ಮೊಗ್ಗು ಕೈಗೆ ಬಂದರೆ ಪಕ್ಕಕ್ಕೆ ಎಸೆಯುತ್ತಿದ್ದಳು. ಆ ಎಸೆದ ಗುಡ್ಡೆ ಅವಳ ಆ ದಿನದ ನಷ್ಟ. ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಮಾಶಿ, ತಿಂಗಳಿಗೆ ಎಷ್ಟು ದುಡೀತೀರಿ?" ಎಂದು ಬಾರದ ಬಂಗಾಳಿಯಲ್ಲಿ ಕೇಳಿದೆ.

ಅವಳು ತಲೆ ಎತ್ತದೆ, "ಯಾವ ತಿಂಗಳು?" ಅಂದಳು.

ಉತ್ತರ ತಪ್ಪಿಸುತ್ತಿದ್ದಾಳೆ ಅಂದುಕೊಂಡೆ. ಮುಂದಿನವಳು ನಕ್ಕು ಸುಮ್ಮನಾದಳು. ಇನ್ನೊಬ್ಬಳು ಗಂಡನನ್ನು ಕೇಳು ಅಂದಳು. ಮತ್ತೊಬ್ಬಳು, ಇದನ್ನು ಕಾರ್ಪೊರೇಶನ್‌ಗೆ ಕೊಡ್ತೀಯಾ ಎಂದು ತಿರುಗಿ ಕೇಳಿದಳು. ಸಂಜೆ ಹಾಳೆ ಹರಡಿಕೊಂಡು ನೋಡಿದರೆ ವಯಸ್ಸು, ಓದು, ಮಕ್ಕಳು, ಊರು, ಎಲ್ಲ ತುಂಬಿತ್ತು. ಆದಾಯದ ಕಲಂ ಮಾತ್ರ ಬಹುಪಾಲು ಖಾಲಿ. ಅಂಕಿ ಹೇಳಿದ ಕೆಲವರ ಲೆಕ್ಕ ಹಿಡಿದು, ಉಳಿದವರಿಗೆ ಹತ್ತಿರಹತ್ತಿರದ ಅಂಕಿ ಹಾಕುತ್ತಾ ಹೋದೆ. ಕೋಷ್ಟಕ ಬಲು ಅಚ್ಚುಕಟ್ಟಾಗಿ ಬಂತು.

ಆಗ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡದ್ದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಹೆಸರಿನಲ್ಲಿ. ಇದನ್ನು ಹೇಳುವಾಗ ಈಗಲೂ ನಾಚಿಕೆಯಾಗುತ್ತದೆ. 1970ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕೋಣೆಗೆ ಬೆಂಕಿ ಬಿದ್ದು, ಮೈಸೂರು ಸೀಮೆಯ ಹಳ್ಳಿಯಲ್ಲಿ ಸಂಗ್ರಹಿಸಿ ತಿದ್ದಿ ಇಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನ ಆಧಾರದ ಮೇಲೆಯೇ ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅಷ್ಟು ದೊಡ್ಡವರೇ ನೆನಪಿನಿಂದ ಬರೆದಿರುವಾಗ ನಾನು ಅಂದಾಜಿನಿಂದ ಒಂದು ಕಲಂ ತುಂಬಿದರೆ ಏನಾಯಿತು ಅಂದುಕೊಂಡೆ. ಆದರೆ ಅವರು 1948ರಲ್ಲಿ ತಿಂಗಳುಗಟ್ಟಲೆ ಆ ಹಳ್ಳಿಯಲ್ಲೇ ಇದ್ದವರು, ಊರಿನ ಜಗಳ, ಗದ್ದೆ, ಎತ್ತು, ಸಾಲ ಎಲ್ಲವನ್ನೂ ಬಲ್ಲವರು. ಅದಕ್ಕಿಂತ ಮುಖ್ಯ, ಟಿಪ್ಪಣಿ ಸುಟ್ಟುಹೋಗಿದೆ, ಇದು ನೆನಪಿನ ಬರಹ ಎಂದು ಓದುಗರಿಗೆ ಬಾಯಿಬಿಟ್ಟು ಹೇಳಿದರು. ನನ್ನ ಪ್ರಬಂಧದಲ್ಲಿ 'ಅಂದಾಜು' ಎಂಬ ಒಂದು ಮಾತು ಎಲ್ಲಿಯೂ ಇರಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರ ಆ ಪುಟಕ್ಕೇ ಬಂದರು. "ಆದಾಯ ಹೇಳೋದಿಲ್ಲ ಅಂತ ಒಬ್ಬರೂ ಅನ್ನಲಿಲ್ಲವೇ?" ಎಂದು ಮೊದಲು ಕೇಳಿದರು. ನಾನು ತಡವರಿಸಿದೆ. ಆಮೇಲೆ ಕನ್ನಡಕ ತೆಗೆದಿಟ್ಟು, "ಇದು ಯಾವ ತಿಂಗಳ ಆದಾಯ?" ಅಂದರು. ಮಾಶಿಯ ಮಾತು ಪ್ರಶ್ನೆಯೇ ಅಲ್ಲ, ಸರಿಯಾದ ಉತ್ತರವಾಗಿತ್ತು ಎಂದು ನನಗೆ ಆಗ ತಿಳಿಯಿತು.

ಎರಡನೇ ಸಲ ಕಾಳಿಘಾಟ್‌ಗೆ ಹೋದಾಗ ತಿಂಗಳನ್ನು ಬಿಟ್ಟುಬಿಟ್ಟೆ. ಇವತ್ತು ಮೊಗ್ಗು ಎಷ್ಟಕ್ಕೆ ತಂದಿರಿ, ದುಡ್ಡು ಯಾರಿಂದ ತಂದಿರಿ, ಎಷ್ಟು ಅರಳಿಹೋಯಿತು, ಇಷ್ಟೇ. ಮಂಗಳವಾರ, ಶನಿವಾರ, ಅಮಾವಾಸ್ಯೆ ದಿನ ಅವರ ದುಡಿಮೆಯೇ ಬೇರೆ. ಬಂಗಾಳಿಗಳ ಹೊಸವರ್ಷ ಪೊಯ್ಲಾ ಬೈಶಾಖ್ ದಿನ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ಹಿಡಿದು ದೇವಿಯ ಮುಂದೆ ಸಾಲುಗಟ್ಟುತ್ತಾರೆ. ಆ ದಿನ ಹೂವಿಗೆ ಚಿನ್ನದ ಬೆಲೆ. ಮಳೆ ಹಿಡಿದ ವಾರದಲ್ಲಿ ಹೌರಾ ಸೇತುವೆ ಬಳಿಯ ಮಲ್ಲಿಕ್ ಘಾಟ್ ಸಗಟು ಮಾರುಕಟ್ಟೆಗೆ ಕೊಟ್ಟದ್ದೂ ವಾಪಸ್ ಬರುವುದಿಲ್ಲ. ಕೆಲವರು ಬೆಳಿಗ್ಗೆ ಸಾಲ ತಂದು ಸಂಜೆ ತೀರಿಸುವವರು. ಸಂಜೆ ಕೈಯಲ್ಲಿ ಉಳಿದದ್ದನ್ನು ಮೂವತ್ತರಿಂದ ಗುಣಿಸಿದರೆ ಯಾರ ಬದುಕೂ ಸಿಗುವುದಿಲ್ಲ. ಆಗಲೂ ಕೆಲವರು ಹೇಳಲಿಲ್ಲ. ಅವರ ಮುಂದೆ 'ಹೇಳಲಿಲ್ಲ' ಎಂದೇ ಬರೆದೆ. ಎಂ.ಎ. ಪಾಸಾಯಿತು, ಸಾಧಾರಣ ಅಂಕದಲ್ಲಿ.

ಇದು ಒಬ್ಬ ವಿದ್ಯಾರ್ಥಿನಿಯ ಅಂಕದ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸರ್ವೆ ಆಗಬೇಕು. ಯಾರು ಬೀದಿಯಲ್ಲಿ ಕೂರಬಹುದು, ಯಾರಿಗೆ ಪ್ರಮಾಣಪತ್ರ ಎಂಬುದು ಅದರಿಂದಲೇ ತೀರ್ಮಾನ. ಕಾಳಿಘಾಟ್‌ನಲ್ಲಿ 2025ರ ಏಪ್ರಿಲ್‌ನಲ್ಲಿ ಸ್ಕೈವಾಕ್ ಉದ್ಘಾಟನೆಯಾಯಿತು. ಅದನ್ನು ಕಟ್ಟುವಾಗ ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸಿ ಬೇರೆಡೆ ಕೂರಿಸಿದ್ದರು. ಇಂಥ ಹೊತ್ತಿನಲ್ಲಿ ಹಾಳೆ ಹಿಡಿದು ಬರುವವರು ನನ್ನಂಥ ಎಂ.ಎ. ಮಾಡಿದವರೇ. ಮೊಗ್ಗಿನ ರಾಶಿಯ ಮುಂದೆ ಕೂತವಳು ಆ ಹಾಳೆಯಲ್ಲಿ ಇದ್ದಾಳೆಯೇ, ಅವಳ ಹೆಸರಿನ ಮುಂದಿನ ಅಂಕಿ ಅವಳದ್ದೇ ಹೌದೇ ಎಂಬುದರ ಮೇಲೆ ಅವಳ ಅನ್ನ ನಿಂತಿರುತ್ತದೆ.

ಬಂಗಾಳದ ಸರ್ವೆಗಳಲ್ಲಿ ಮಹಾಲನೋಬಿಸ್ ಒಂದೇ ಪ್ರದೇಶದ ಸ್ಯಾಂಪಲ್ಲನ್ನು ಎರಡು ಭಾಗ ಮಾಡಿ ಬೇರೆ ಬೇರೆ ತಂಡಗಳಿಂದ ಎಣಿಸಿ, ಎರಡನ್ನೂ ಹೋಲಿಸುತ್ತಿದ್ದರು, ಎಣಿಸುವವರಿಂದ ಆಗುವ ತಪ್ಪು ಬಯಲಾಗಲಿ ಎಂದು. ನಮ್ಮ ವಿಭಾಗಗಳಲ್ಲಿ ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಒಂದೇ ಬೀದಿಗೆ ಕಳಿಸಿ ಹೀಗೆ ಮಾಡುವುದು ಕಷ್ಟವೇನಲ್ಲ. ಪ್ರಬಂಧಗಳಿಗೆ ಗೈಡ್ ಆಗಿರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ ಇಷ್ಟೇ: ವಿದ್ಯಾರ್ಥಿಯನ್ನು ಒಮ್ಮೆಯಾದರೂ ಪೈಲಟ್ ಸರ್ವೆಗೆ ಕಳಿಸಿ, ಅದರ ಹಾಳೆಗಳನ್ನು ನೀವೇ ಕೂತು ನೋಡಿ. 'ಹೇಳಲಿಲ್ಲ' ಎಂದು ಬರೆದುಕೊಂಡು ಬಂದವರಿಗೆ ದಯವಿಟ್ಟು ಅಂಕ ಕಡಿಯಬೇಡಿ.